ಎಲ್ಲರೂ ನಮ್ಮೂರಿಗೆ ಬರ್ತಾರೆ, ಅಮ್ಮ ಎಲ್ಲಿಗೆ ಹೋಗ್ಬೇಕು?

ನಮ್ಮ ಮನೆ ಇರುವುದು ಮಂಗಳೂರಿನ ಕುದ್ರೋಳಿಯಲ್ಲಿ. ಅಂದರೆ ಬೇರೆಯವರು ರಜೆ ಹಾಕಿ ಬರುವ ಊರಿನಲ್ಲಿ. ನವರಾತ್ರಿಗೆ ಗೋಕರ್ಣನಾಥ ದೇವಸ್ಥಾನಕ್ಕೆ ದೀಪಾಲಂಕಾರ ಶುರುವಾಯಿತೆಂದರೆ ನಮ್ಮ ಮನೆಯ ಚಾಪೆ, ದಿಂಬು ಎಲ್ಲ ಅಟ್ಟದಿಂದ ಕೆಳಗಿಳಿಯುತ್ತವೆ. ಮುಂಬೈಯಿಂದ ಚಿಕ್ಕಮ್ಮನ ಸಂಸಾರ, ಬೆಂಗಳೂರಿನಿಂದ ಮಾವನ ಮಕ್ಕಳು, ಅವರ ಆಫೀಸಿನ ಫ್ರೆಂಡ್ಸು, 'ಒಂದೇ ರಾತ್ರಿ ಆಂಟಿ' ಅಂತ ಬಂದು ಮೂರು ರಾತ್ರಿ ಉಳಿಯುವವರು. ನವದುರ್ಗೆಯರನ್ನೂ ಶಾರದೆಯನ್ನೂ ನೋಡುತ್ತಾರೆ, ಹುಲಿ ವೇಷದ ತಾಸೆಗೆ ಕುಣಿಯುತ್ತಾರೆ, ಮೆರವಣಿಗೆಯ ಜೊತೆ ಮಣ್ಣಗುಡ್ಡೆ, ಲೇಡಿಹಿಲ್, ಲಾಲ್‌ಬಾಗ್ ಅಂತ ರಾತ್ರಿಯಿಡೀ ತಿರುಗಿ, ಬೆಳಗ್ಗೆ ದೇವಸ್ಥಾನದ ಪುಷ್ಕರಿಣಿಯಲ್ಲಿ ವಿಸರ್ಜನೆ ಮುಗಿಸಿ ಬಂದು ಮಧ್ಯಾಹ್ನದವರೆಗೆ ಮಲಗುತ್ತಾರೆ. ಸಂಜೆ ತಣ್ಣೀರುಬಾವಿ ಬೀಚು, ರಾತ್ರಿ ಗಡ್‌ಬಡ್ ಐಸ್‌ಕ್ರೀಮು. ಎಲ್ಲರ ಸ್ಟೇಟಸ್ಸಿನಲ್ಲೂ 'ಬೆಸ್ಟ್ ಟ್ರಿಪ್ ಎವರ್'.

ಅಷ್ಟೂ ದಿನ ಅಮ್ಮ ನೀರುದೋಸೆ ಕಾವಲಿಯ ಮುಂದೆ. ಮೆರವಣಿಗೆ ನಮ್ಮ ಓಣಿಯ ತುದಿಯಿಂದಲೇ ಹೋದರೂ ಅವರು ನೋಡುವುದು ಹತ್ತು ನಿಮಿಷ, ಅದೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. ಮೇ ತಿಂಗಳಲ್ಲಿ ಇದೇ ಕತೆ ಇನ್ನೊಂದು ಸಲ, ಮಾವು ಹಲಸಿನ ಜೊತೆ.

ಈ ವರ್ಷ ನನ್ನ ಹತ್ತಿರ ಉಳಿದಿರುವುದು ಐದು ರಜೆ. ಡಿಸೆಂಬರ್ ಒಳಗೆ ತೆಗೆದುಕೊಳ್ಳದಿದ್ದರೆ ಹೋಯಿತು. ಆಫೀಸಿನ ಗೆಳತಿಯರು ಕುದುರೆಮುಖ ಚಾರಣಕ್ಕೆ ಕರೆದರು. ತಮ್ಮ ಥಾಯ್ಲೆಂಡ್ ಪ್ಯಾಕೇಜಿನ ಲಿಂಕ್ ಕಳಿಸಿದ. ನನಗೆ ಅಮ್ಮನನ್ನು ಎಲ್ಲಿಗಾದರೂ ಕರ್ಕೊಂಡು ಹೋಗಬೇಕು ಅಂತ. ಡಾಕ್ಟರು ಎರಡು ಮೂರು ವರ್ಷದಲ್ಲಿ ಮಂಡಿಗೆ ಆಪರೇಷನ್ ಬೇಕಾಗಬಹುದು ಅಂದಿದ್ದಾರೆ. ಈಗ ಮೆಟ್ಟಿಲು ಹತ್ತುತ್ತಾರೆ, ಇಳಿಯುವಾಗ ಗೋಡೆ ಹಿಡಿಯುತ್ತಾರೆ.

ನಮ್ಮ ರಾಜ್ಯದ ಸುಖವೂ ತಲೆನೋವೂ ಒಂದೇ: ಎಲ್ಲವೂ ಉಂಟು. ಕಡಲು, ಕಾಡು, ಘಟ್ಟ, ಬಯಲು, ಕೋಟೆ, ಗುಡಿ. ಆದರೆ ಒಂದೊಂದಕ್ಕೂ ಒಂದೊಂದು ಕಾಲ. ಜುಲೈಯಲ್ಲಿ 'ಫ್ರೆಶ್ ಮೀನು ತಿನ್ಲಿಕ್ಕೆ ಬರ್ತೇವೆ' ಅನ್ನುವ ಬೆಂಗಳೂರಿನವರಿಗೆ ನಾನು ಮೊದಲು ಹೇಳುವುದು ಇದೇ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ನಮ್ಮ ಮನೆಯಲ್ಲೇ ಒಣಮೀನು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಬಯಲುಸೀಮೆಯವರು ಡಿಸೆಂಬರ್, ಜನವರಿಯಲ್ಲಿ ಬನ್ನಿ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಆ ಬಂಡೆಗಳನ್ನು ನೋಡಲೇಬೇಕು. ನಮಗೆ ಮಾತ್ರ ಕಡಲು ರಜೆಯಾಗುವುದಿಲ್ಲ ಮಾರಾಯ್ರೆ. ಗೋವಾಕ್ಕೆ ಹೋಗಿ ಅಮ್ಮ ಅಲ್ಲಿನ ಬಂಗುಡೆಯ ರೇಟು ವಿಚಾರಿಸಿಕೊಂಡು ಬರುತ್ತಾರೆ, ಅಷ್ಟೆ.

ಘಟ್ಟದ ಆಸೆ ನನ್ನದು. ಕುದುರೆಮುಖ 1,894 ಮೀಟರ್. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಸೆಖೆ ಕಡಿಮೆ. ಮೇ ತಿಂಗಳಲ್ಲಿ ಮಂಗಳೂರಿನವರು ಚಿಕ್ಕಮಗಳೂರು, ಮಡಿಕೇರಿ ಅಂತ ಓಡುವುದು ಅದಕ್ಕೇ. ಆದರೆ ಚಾರಣವೆಂದರೆ ಇಡೀ ದಿನ ಹತ್ತಿ ಇಳಿಯುವ ಕೆಲಸ, ಮೊದಲೇ ಅರಣ್ಯ ಇಲಾಖೆಯ ಅನುಮತಿಯೂ ಬೇಕು. 'ಅಮ್ಮನನ್ನು ಹೋಂಸ್ಟೇಯಲ್ಲಿ ಕೂರಿಸಿ ನಾವು ಹತ್ತೋಣ, ಇಬ್ಬರದೂ ಆಯ್ತಲ್ಲ' ಅಂದಳು ಒಬ್ಬ ಗೆಳತಿ. ಆಗುವುದಿಲ್ಲ. ನಮ್ಮಮ್ಮ ಹೋಂಸ್ಟೇಯಲ್ಲಿ ಕೂತರೆ ಅರ್ಧ ಗಂಟೆಯಲ್ಲಿ ಅಲ್ಲಿಯ ಅಡುಗೆಮನೆಗೆ ಹೋಗಿ ಬೀನ್ಸ್ ಹೆಚ್ಚುತ್ತಿರುತ್ತಾರೆ. ನಾನು ಬೆಟ್ಟದ ಮೇಲೆ ನೆಟ್‌ವರ್ಕ್ ಹುಡುಕುತ್ತಿರುತ್ತೇನೆ. ಇಬ್ಬರ ರಜೆಯೂ ಹಾಳು.

ಇನ್ನೊಂದು ಬಗೆಯ ರಜೆ ಇದೆ, ಅಪ್ಪ ಅಮ್ಮ ಅಂದ ಕೂಡಲೇ ಎಲ್ಲ ಮಕ್ಕಳ ತಲೆಗೂ ಬರುವಂಥದ್ದು: ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು. ಭಕ್ತಿಯಿಂದ ಹೋಗುವವರ ಬಗ್ಗೆ ನನ್ನ ತಕರಾರಿಲ್ಲ, ಅಮ್ಮನೂ ಹೋಗುತ್ತಾರೆ. ಆದರೆ ಬೆಳಗ್ಗೆ ನಾಲ್ಕಕ್ಕೆ ಎದ್ದು, ತಲೆಗೆ ನೀರು ಹಾಕಿಕೊಂಡು, ಎಲ್ಲರ ಹೆಸರಿನಲ್ಲೂ ಸೇವೆ ಬರೆಸಿ, ಎರಡು ಗಂಟೆ ಸಾಲಿನಲ್ಲಿ ನಿಂತು ಬರುವುದು ಕೂಡ ಮನೆಗೆಲಸದ ಇನ್ನೊಂದು ರೂಪ. ಐವತ್ತು ದಾಟಿದವರಿಗೆ ದೇವಸ್ಥಾನವೊಂದೇ ಸಾಕು ಅಂತ ತೀರ್ಮಾನ ಮಾಡಿದ್ದು ಯಾರೋ ಗೊತ್ತಿಲ್ಲ.

ಹಾಗಾಗಿ ಅಮ್ಮನನ್ನೇ ಕೇಳಿದೆ. ಮೊದಲ ಸಲ, 'ಎಂಕ್ ದಾಯೆಗ್ ಮಗಾ' (ನನಗ್ಯಾಕೆ) ಅಂದರು. ಎರಡನೇ ಸಲ, 'ನಿನ್ನ ದುಡ್ಡು ಇಟ್ಕೋ' ಅಂದರು. ಮೂರನೇ ಸಲ ಬಟ್ಟೆ ಮಡಿಸುತ್ತಾ, ಅದೂ ಇನ್ನೂ ತೇವ ಬಿಡದ ಬಟ್ಟೆ, ತಲೆ ಎತ್ತದೆ ಹೇಳಿದರು: 'ಶಾಲೆಯ ಪುಸ್ತಕದಲ್ಲಿ ಬಾದಾಮಿಯ ಚಿತ್ರ ಇತ್ತು. ಕೆಂಪು ಕಲ್ಲು. ಬಟ್ಟೆ ಒಂದು ಗಂಟೆಯಲ್ಲಿ ಒಣಗುವ ಊರು ಅದು ಅಂತ ಟೀಚರ್ ಹೇಳಿದ್ರು. ಅಂಥಾ ಊರು ಒಮ್ಮೆ ನೋಡ್ಬೇಕಿತ್ತು.'

ಕಡಲತಡಿಯಲ್ಲಿ ಹುಟ್ಟಿ, ವರ್ಷದಲ್ಲಿ ನಾಲ್ಕೈದು ತಿಂಗಳು ಬೂಷ್ಟು ಹಿಡಿದ ಕಪಾಟು ಒರೆಸುವ ಹೆಂಗಸಿಗೆ ಒಣಗಾಳಿಯೇ ಐಷಾರಾಮ ಅಂತ ಯಾವ ಟ್ರಾವೆಲ್ ಆ್ಯಪಿಗೂ ಹೊಳೆಯುವುದಿಲ್ಲ. ನಮ್ಮಲ್ಲಿ 33 ಡಿಗ್ರಿಯಾದರೂ ಬೆವರು ಆರುವುದಿಲ್ಲ, ಗಾಳಿಯಲ್ಲೇ ನೀರು. ಆ ಕಡೆ ಬಿಸಿಲು ಜಾಸ್ತಿ, ಆದರೆ ನೆರಳಿಗೆ ಹೋದರೆ ತಂಪು. ಬೇಸಿಗೆಯಲ್ಲಿ ಬೇಡವೇ ಬೇಡ, ಬಾಗಲಕೋಟೆ ವಿಜಯಪುರದ ಕಡೆ 40 ಡಿಗ್ರಿ ಮುಟ್ಟುತ್ತದೆ. ಡಿಸೆಂಬರಿನಲ್ಲಿ ಬೆಳಗ್ಗೆ ಸ್ವೆಟರ್ ಹಾಕುವಷ್ಟು ಚಳಿ. ಅಮ್ಮನ ಹತ್ತಿರ ಸ್ವೆಟರೇ ಇಲ್ಲ. ಕುದ್ರೋಳಿಯಲ್ಲಿ ಯಾರ ಹತ್ತಿರ ಇರ್ತದೆ?

ಮಂಗಳೂರಿನಿಂದ ವಿಜಯಪುರಕ್ಕೆ ರೈಲು ಉಂಟು. ಮಧ್ಯಾಹ್ನ ಬಿಟ್ಟು, ಪುತ್ತೂರು, ಸುಬ್ರಹ್ಮಣ್ಯ ರೋಡ್ ದಾಟಿ ಘಟ್ಟ ಹತ್ತುತ್ತದೆ. ಸಕಲೇಶಪುರದವರೆಗಿನ ಆ 55 ಕಿಲೋಮೀಟರಿನಲ್ಲಿ 57 ಸುರಂಗ. ಆಮೇಲೆ ಹಾಸನ, ಅರಸೀಕೆರೆ, ಹುಬ್ಬಳ್ಳಿ, ಗದಗ, ಬೆಳಗಾಗುವಾಗ ಬಾದಾಮಿ. ಸಮಯ ಆಗಾಗ ಬದಲಾಗುತ್ತದೆ, ನೋಡಿಕೊಂಡು ಬುಕ್ ಮಾಡಿ. ಟಿಕೆಟ್ ತೆರೆಯುವುದು 60 ದಿನ ಮೊದಲು. ಕೆಳಗಿನ ಬರ್ತ್ ಬೇಕಾದವರು ಅವತ್ತೇ ಕೂತು ಮಾಡಬೇಕು, ನಾನು ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಮ್ಯೂಟ್ ಮಾಡಿಕೊಂಡು ಮಾಡಿದೆ.

ಬಾದಾಮಿಯ ಗುಹೆಗಳಿಗೆ ಮೆಟ್ಟಿಲಿವೆ. ನಾಲ್ಕು ಗುಹೆ, ಒಂದಕ್ಕಿಂತ ಒಂದು ಮೇಲೆ. ಮೂರನೆಯದರಲ್ಲಿ ಚಾಲುಕ್ಯ ಮಂಗಳೇಶನ ಶಾಸನ, ಇಸವಿ 578ರದು. ಅಷ್ಟರವರೆಗೆ ಹತ್ತಲಾದರೆ ಹತ್ತುವುದು, ಆಗದಿದ್ದರೆ ಮೊದಲ ಗುಹೆಯ ನಟರಾಜನನ್ನು ನೋಡಿ ಇಳಿದು, ಅಗಸ್ತ್ಯ ತೀರ್ಥದ ದಡದಲ್ಲಿ ಭೂತನಾಥ ಗುಡಿಯವರೆಗೆ ನಿಧಾನಕ್ಕೆ ನಡೆಯುವುದು. ಪಟ್ಟದಕಲ್ಲಿನಲ್ಲಿ ಗುಡಿಗಳೆಲ್ಲ ಸಮತಟ್ಟು ಜಾಗದಲ್ಲಿ, ಹುಲ್ಲುಹಾಸಿನ ನಡುವೆ, ಮಂಡಿಗೆ ಕಷ್ಟವಿಲ್ಲ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಕಡಿದಾದ ಮೆಟ್ಟಿಲು ಹತ್ತಬೇಕು, ಅದನ್ನು ಪಟ್ಟಿಯಿಂದಲೇ ತೆಗೆದೆ. ತಮ್ಮನಿಗೆ ಬೇಸರವಾಯಿತು. ಅವನು ಬರುವುದೂ ಇಲ್ಲ, ಆದರೂ ಬೇಸರ. 'ಅಷ್ಟು ದೂರ ಹೋಗಿ ಹಂಪಿ ಬಿಡ್ತೀಯಾ?' ಅಂತಲೂ ಕೇಳಿದ. ಬಿಡ್ತೇನೆ. ಒಂದೇ ಹೋಟೆಲು, ಮೂರು ರಾತ್ರಿ, ಬ್ಯಾಗು ಬಿಚ್ಚುವುದು ಒಂದೇ ಸಲ.

ನನಗೆ ನಿಜವಾಗಿ ನೋಡಬೇಕಾದದ್ದು ಬನಶಂಕರಿ ಗುಡಿಯ ಹತ್ತಿರ. ಅಲ್ಲಿ ಹೆಂಗಸರು ಬುಟ್ಟಿ ತುಂಬ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಅವರ ಮುಂದೆ ನೆಲದ ಮೇಲೆ ಕೂತು ತಿನ್ನುವುದು. ಇನ್ನೊಬ್ಬ ಹೆಂಗಸು 'ಇನ್ನೊಂದು ಹಾಕ್ಲೇನ್ರೀ?' ಅಂತ ಅಮ್ಮನನ್ನು ಕೇಳಬೇಕು, ಅಮ್ಮ ಸಾಕು ಅಂತ ಕೈ ಅಡ್ಡ ಹಿಡಿಯಬೇಕು. ನಮ್ಮ ಮನೆಯಲ್ಲಿ ಆ ಕೈ ಯಾವಾಗಲೂ ಬಡಿಸುವ ಕಡೆಯೇ ಇರುತ್ತದೆ. ಇಳಕಲ್ ಸೀರೆ ಇಳಕಲ್ಲಿನಲ್ಲೇ ತೆಗೆದುಕೊಳ್ಳಬೇಕು ಅಂತ ಅಮ್ಮ ಈಗ ಹೊಸದೊಂದು ಸೇರಿಸಿದ್ದಾರೆ. ಮೂರು ಸಲ ಬೇಡ ಅಂದವರು ಇವರೇ.

ಕುದುರೆಮುಖಕ್ಕೆ ಗೆಳತಿಯರು ನಾನಿಲ್ಲದೆ ಹೋಗುತ್ತಾರೆ. ಫೋಟೋ ನೋಡುವಾಗ ಹೊಟ್ಟೆ ಉರಿಯುತ್ತದೆ ಅಂತ ಈಗಲೇ ಗೊತ್ತು.

ಟಿಕೆಟ್ ಆಯಿತು ಅಂತ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ: 'ಅಪ್ಪನ ಊಟಕ್ಕೆ?' ಅಪ್ಪ ಅಂಗಡಿ ಬಿಟ್ಟು ಬರುವವರಲ್ಲ. ಐದು ದಿನದ ಸಾರು ಮಾಡಿ ಫ್ರಿಜ್ಜಿನಲ್ಲಿಡುತ್ತೇನೆ, ಪಕ್ಕದ ಮನೆಯವರಿಗೆ ಹೇಳುತ್ತೇನೆ, ಇಲ್ಲಾ ಮುಂದಿನ ವರ್ಷ ಹೋಗುವ, ಅಂತೆಲ್ಲ ಶುರುವಾಯಿತು. ಫೋನು ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ಪೇಪರ್ ಮಡಿಸುವ ಸದ್ದು, ಆಮೇಲೆ ಅಪ್ಪನ ದನಿ: 'ನನಗೆ ಗಂಜಿ ಬೇಯಿಸ್ಲಿಕ್ಕೆ ಬರ್ತದೆ.'

'ಯಾವಾಗಿಂದ?' ಅಂದರು ಅಮ್ಮ.