ಬಿಲ್ ಇಲ್ಲದವನ ಬೆವರಿಗೆ ಬೆಲೆ ಕಟ್ಟೋರು ಯಾರು?

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟು. ಪೂರ್ತಿ ಓದಿ, ಗಾಡಿ ಇಟ್ಕೊಂಡು ಬದುಕೋ ನಮ್ಮ ಹುಡುಗರಿಗೂ ಓದಿಸಿ.

2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು. ಆಮೇಲೆ ನಮ್ಮ ಕಾಲೋನಿಗಳ ಅರ್ಧ ಜನ ಬೆಳಗಿನ ಜಾವದ ಟ್ರೈನ್ ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋದ್ರು. ಉಳಿದವರಲ್ಲಿ ಕೆಲವರು ಸಾಲ ಮಾಡಿ ವಂಡಿ ತಗೊಂಡ್ರು. ನನ್ನ ತಮ್ಮನೂ ಒಬ್ಬ. ಹಳೇ ಓಮ್ನಿ, ಕೆಎ-08 ನಂಬರ್. ಬಂಗಾರಪೇಟೆ ಸ್ಟೇಷನ್ನಿಂದ ಜನರನ್ನ ಕೂರಿಸ್ಕೊಂಡು ಬರೋದೇ ಅವನ ಅನ್ನ.

ರಾಬರ್ಟ್‌ಸನ್‌ಪೇಟೆಯಲ್ಲಿ ರಸ್ತೆ ಪಕ್ಕ ನಿಲ್ಲಿಸಿದ್ದ ಆ ವಂಡಿಗೆ ದೊಡ್ಡ ಕಾರೊಂದು ಹಿಂದಿನಿಂದ ಬಂದು ಗುದ್ದಿತು. ಕಾರಿನವರು ಇಳಿದು ಹೇಳಿದ ಮೊದಲ ಮಾತು: "ಈ ಡಬ್ಬಾಗೆ ಏನಾಗುತ್ತೆ? ಐದು ಸಾವಿರ ಇಟ್ಕೋ." ತಮ್ಮ ಇಟ್ಕೊಳ್ಳಲಿಲ್ಲ. ಕೇಸು ಹಾಕಿದ.

ರಿಪೇರಿಗೆ ಆಗಿದ್ದು 41,500. ಅಂಗಡಿಯಿಂದ ತಂದ ಸಾಮಾನಿಗೆ 18,000, ಅದಕ್ಕೆ ಬಿಲ್ ಇತ್ತು. ಉಳಿದ 23,500 ಟಿಂಕರಿಂಗ್, ಪೇಂಟಿಂಗ್ ಕೂಲಿ. ನಮ್ಮ ಓಣಿಯ ಶೆಡ್ಡಿನವನು ಹಾಳೆ ಮೇಲೆ ಬರೆದು ಸಹಿ ಹಾಕಿಕೊಟ್ಟಿದ್ದ. ಕೋರ್ಟಲ್ಲಿ ವಿಮಾ ಕಂಪನಿ ವಕೀಲರು ಆ ಹಾಳೆಯನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದ್ದು ಒಂದೇ: "ಜಿಎಸ್‌ಟಿ ನಂಬರ್ ಎಲ್ಲಿ?" ಸಿಕ್ಕಿದ್ದು ಬಿಲ್ ಇದ್ದ 18,000 ಮಾತ್ರ. ಒಂದು ವಾರ ಬಗ್ಗಿ ತಗಡು ಬಡಿದವನ ಕೂಲಿ "ಸಾಬೀತಾಗಿಲ್ಲ".

ಸ್ವಾಮಿ, ಸೇವೆ ಕೊಡೋನ ವರ್ಷದ ವಹಿವಾಟು 20 ಲಕ್ಷ ದಾಟದಿದ್ರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಅಂತ ಹೇಳಿದ್ದು ಇದೇ ಸರ್ಕಾರದ ಕಾನೂನು. ಒಂದು ಕಾನೂನು "ನಿಂಗೆ ನಂಬರ್ ಬೇಡ" ಅನ್ನುತ್ತೆ. ಇನ್ನೊಂದು ಬಾಗಿಲಲ್ಲಿ "ನಂಬರ್ ಇಲ್ಲದ ನಿನ್ನ ಕೆಲಸ ಕೆಲಸವೇ ಅಲ್ಲ" ಅಂತಾರೆ. ಎಸಿ ಶೋರೂಮಿನಲ್ಲಿ ಬಡಿದ ತಗಡು ನಷ್ಟ, ಆಂಡರ್ಸನ್‌ಪೇಟೆ ಶೆಡ್ಡಲ್ಲಿ ಬಡಿದ ತಗಡು ಸುಳ್ಳಾ?

"ಪುರಾವೆ ಇಲ್ಲ" ಅನ್ನೋ ಮಾತು ನಮಗೆ ಹೊಸದಲ್ಲ. ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದ್ರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಜೀವವನ್ನೂ ವಂಡಿಯನ್ನೂ ಒಂದೇ ತಕ್ಕಡಿಗೆ ನಾನು ಹಾಕ್ತಿಲ್ಲ. ಆದರೆ ನಮ್ಮ ನಷ್ಟ ದೊಡ್ಡದಿರಲಿ ಚಿಕ್ಕದಿರಲಿ, ಕಾಗದ ಕೇಳೋ ಬಾಯಿ ಒಂದೇ.

ಅಮೆರಿಕದಲ್ಲಿ ಇಂಥ ಸಣ್ಣ ನಷ್ಟಕ್ಕೆ ಅಂತಲೇ ಕೋರ್ಟಿದೆ, ವಕೀಲರಿಲ್ಲದೆ ನೀವೇ ನಿಂತು ಹೇಳಬಹುದು. ನಮಗೆ ಇರೋದು ಮೋಟಾರು ಅಪಘಾತ ನ್ಯಾಯಮಂಡಳಿ. ಅಲ್ಲಿ ವಂಡಿ ನಷ್ಟವನ್ನೂ ಕೇಳಬಹುದು ಅಂತ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಮೈಗೆ ಪೆಟ್ಟಾದರೆ ಮಾತ್ರ ಅಂದ್ಕೊಂಡಿದಾರೆ.

ಕಾನೂನು ಬದಲಾಗೋವರೆಗೂ ಕೈಕಟ್ಟಿ ಕೂರೋದು ಬೇಡ. ನಾವು ಸೋತು ಕಲಿತದ್ದು ಇಷ್ಟು:

1. ಗುದ್ದಿದ ದಿನವೇ ಸ್ಟೇಷನ್‌ಗೆ ಹೋಗಿ. ಮೋಟಾರು ವಾಹನ ಇನ್ಸ್‌ಪೆಕ್ಟರ್ ನೋಡಿ ಐಎಂವಿ ರಿಪೋರ್ಟ್ ಬರೆಯೋ ಮೊದಲು ಒಂದು ನಟ್ಟೂ ಬಿಚ್ಚಬೇಡಿ. ಏನೇನು ಮುರಿದಿದೆ ಅಂತ ಸರ್ಕಾರಿ ಕೈಯಲ್ಲಿ ಬರೆಸಿಕೊಳ್ಳೋದೇ ನಿಮ್ಮ ಮೊದಲ ಪುರಾವೆ.

2. ಫೋಟೋ ತೆಗೀರಿ, ಫೋನಿಂದ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಸಾಕ್ಷ್ಯ ಕಾನೂನಿನ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿಡಿ. ಇಲ್ಲದಿದ್ರೆ ಎದುರಿನವರು ಅದನ್ನೂ ತಳ್ಳಿಹಾಕೋಕೆ ನೋಡ್ತಾರೆ.

3. ಹಾಳೆ ಬರೆದುಕೊಟ್ಟ ಮೆಕ್ಯಾನಿಕ್‌ನನ್ನೇ ಸಾಕ್ಷಿಯಾಗಿ ಕರೆಸಿ. ನಾವು ಎಡವಿದ್ದು ಇಲ್ಲೇ. ಅವನು ಒಂದು ದಿನ ಶೆಡ್ ಮುಚ್ಚಿದ್ರೆ ಮನೇಲಿ ಒಲೆ ಉರಿಯಲ್ಲ. ಆ ದಿನದ ಕೂಲಿ ನಾವು, ಸಂಘಟನೆಗಳು, ಕೊಡೋಣ.

4. ವಂಡಿ ನಿಂತ ದಿನಗಳ ದುಡಿಮೆಗೂ ಲೆಕ್ಕ ಇಡಿ. ಫೋನ್‌ಪೇ ಚರಿತ್ರೆ, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಸಾಕ್ಷಿಯೇ.

5. ನಿಮ್ಮದೇ ವಿಮಾ ಕಂಪನಿ ಸತಾಯಿಸಿದ್ರೆ ಕೋಲಾರದ ಗ್ರಾಹಕ ಆಯೋಗಕ್ಕೆ ಹೋಗಿ. ಸರ್ವೇಯರ್ ವರದಿಯೇ ಕೊನೇ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಅದು ಲಾರಿಯೊಂದರ ಕೇಸು.

6. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಎಸ್‌ಸಿ, ಎಸ್‌ಟಿ ಜನರಿಗೆ ಉಚಿತ ವಕೀಲರು. ಆದಾಯ ಮಿತಿ ಕೇಳೋ ಹಾಗಿಲ್ಲ. ಭಿಕ್ಷೆ ಅಲ್ಲ, ಹಕ್ಕು.

ಇನ್ನು ನಮ್ಮ ಬೇಡಿಕೆ ಒಂದೇ. ನೋಂದಣಿ ಬೇಕಿಲ್ಲದ ಮೆಕ್ಯಾನಿಕ್ ಪ್ರಮಾಣ ಮಾಡಿ ಕೊಟ್ಟ ಲೆಕ್ಕವನ್ನ, ಇನ್ಸ್‌ಪೆಕ್ಟರ್ ವರದಿಗೆ ಹೊಂದುವಷ್ಟು ಮಟ್ಟಿಗೆ, ಪುರಾವೆ ಅಂತ ಒಪ್ಪಿ. ಸುಳ್ಳು ಅನಿಸಿದ್ರೆ ಅದನ್ನ ತೋರಿಸೋ ಹೊಣೆ ಕಂಪನಿ ಮೇಲೆ ಹಾಕಿ.

ಭೂಮಿ ಕೆಳಗಿಂದ ಚಿನ್ನ ತೆಗೆದು ಕೊಟ್ಟವರು ನಮ್ಮ ತಾತಂದಿರು. ಅವರಿಗೂ ಯಾರೂ ಪೂರ್ತಿ ಬಿಲ್ ಕೊಡಲಿಲ್ಲ. ಮೊಮ್ಮಕ್ಕಳು ಕೇಳಿ ತಗೋತೀವಿ.

ಜೈ ಭೀಮ್.