ಹಗೇವಿಗೆ ಬಿಟ್ಟ ದೀಪ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ತೊಂಬತ್ತು ದಾಟಿದ ರೈತನೊಬ್ಬ ತೀರಿಕೊಂಡರೆ ಅಂಗಳದಲ್ಲಿ ಕೂತವರು ಆಡುವ ಮಾತು ಹೆಚ್ಚುಕಡಿಮೆ ಒಂದೇ. ‘ತುಂಬಿದ ಜೀವ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನ ಕಂಡು ಹ್ವಾದ. ಇನ್ನೇನ ಬೇಕು?’ ಆ ಅಜ್ಜನ ಹೆಸರು ಬಸಪ್ಪ ಇರಬಹುದು, ಮಲ್ಲಪ್ಪ ಇರಬಹುದು, ಇಮಾಮಸಾಬ ಇರಬಹುದು. ಹೊಲ ಬೈಲಹೊಂಗಲದ ಎರಿಯಾಗಿರಬಹುದು, ಕಿತ್ತೂರಿನ ಭತ್ತದ ಗದ್ದೆಯಾಗಿರಬಹುದು. ಇದು ಒಬ್ಬನ ಕಥೆಯಲ್ಲ, ಒಂದು ತಲೆಮಾರಿನದು.

1930ರ ಆಸುಪಾಸಿನಲ್ಲಿ ಹುಟ್ಟಿದ ಈ ಅಜ್ಜಂದಿರು ಬಹುಪಾಲು ಮುಂಬಯಿ ಪ್ರಾಂತದ ಪ್ರಜೆಗಳಾಗಿ ನಾಲ್ಕನೆಯ ಇಯತ್ತೆ ಕಲಿತರು. 1956ರ ನವೆಂಬರ್ 1ರಂದು ಊರು ಬಿಡದೆಯೇ ರಾಜ್ಯ ಬದಲಾಯಿಸಿದರು. 1972ರಲ್ಲಿ ಬರ ಕಂಡರು. ಅದೇ ಹೊತ್ತಿಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ಮಲಪ್ರಭೆಗೆ ಕಟ್ಟಿದ ಅಣೆಕಟ್ಟನ್ನೂ ಕಂಡರು. ಕಾಲುವೆಯ ನೀರಿನ ಜೊತೆಗೆ ಕರವೂ ಬಂತು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿದ ಸುದ್ದಿ ಕೇಳಿದರು. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ರಾಮದುರ್ಗದ ದಂಡೆಯ ಊರುಗಳಿಗೆ ನುಗ್ಗಿದ್ದನ್ನೂ ಬದುಕಿದ್ದವರು ನೋಡಿದರು.

ಇಷ್ಟು ಕಂಡ ಅಜ್ಜನಿಗೆ ಪ್ರೀತಿ ಎಂಬ ಮಾತು ಬಾಯಲ್ಲಿ ಬರುತ್ತಿರಲಿಲ್ಲ. ಮಕ್ಕಳನ್ನು ಎದುರಿಗೆ ಎತ್ತಿ ಮುದ್ದಿಸಿದವನೂ ಅಲ್ಲ. ಅವನ ಅಕ್ಕರೆ ಎಲ್ಲಿತ್ತು ಎಂದು ತಿಳಿಯಬೇಕಾದರೆ ಹಗೇವು ತೆರೆಯುವ ದಿನ ಅವನನ್ನು ನೋಡಬೇಕಿತ್ತು.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಆಳು ಇಳಿಯುವಷ್ಟೇ ಕಿರಿದು, ಒಳಗೆ ಹೊಟ್ಟೆ ಗುಡಾಣದಂತೆ ಅಗಲ. ತಳಕ್ಕೂ ಗೋಡೆಗೂ ಒಣಹುಲ್ಲು ಒತ್ತಿ, ಹಿಂಗಾರಿ ಬಿಳಿಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣಿನಿಂದ ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡದು. ಇದರ ಗುಟ್ಟು ಉಸಿರಾಟದಲ್ಲಿದೆ. ಜೋಳದ ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ಕಾಳು, ಹುಳು, ಬೂಷ್ಟು ಎಲ್ಲವೂ ಸೇರಿ ಒಳಗಿನ ಆಮ್ಲಜನಕವನ್ನು ಬಳಸಿ ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತವೆ. ಹೊಸ ಗಾಳಿಗೆ ದಾರಿ ಇಲ್ಲದ್ದರಿಂದ ಕೆಲದಿನಗಳಲ್ಲಿ ಹುಳುಗಳು ತಾವೇ ಸಾಯುತ್ತವೆ. ಔಷಧದ ಖರ್ಚಿಲ್ಲ.

ಆದರೆ ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನು ಬಿಟ್ಟೀತೆ? ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ತಾನಾಗಿ ಮೇಲೇಳದೆ ತಳದಲ್ಲೇ ಕೂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಕೂಗುವುದಕ್ಕೂ ಮೊದಲೇ ಕುಸಿಯುತ್ತಾನೆ.

ಅದಕ್ಕೇ ಅಜ್ಜ ಚಪ್ಪಡಿ ಸರಿಸಿ ಬಹಳ ಹೊತ್ತು ಸುಮ್ಮನೆ ಕೂಡುತ್ತಿದ್ದ. ಮಕ್ಕಳು ಅವಸರ ಮಾಡಿದರೆ, ‘ತಡೀರಿ, ದೀಪ ಏನ್ ಹೇಳತೈತಿ ನೋಡೂಣು’ ಎನ್ನುತ್ತಿದ್ದ. ಕಂದೀಲಿಗೆ ಹಗ್ಗ ಕಟ್ಟಿ ತಳದವರೆಗೆ ಬಿಡುವುದು. ಆರಿದರೆ ಆ ಹೊತ್ತು ಯಾರೂ ಇಳಿಯುವಂತಿಲ್ಲ. ಗಾಳಿಯಲ್ಲಿ ನೂರಕ್ಕೆ 21 ಪಾಲು ಇರಬೇಕಾದ ಆಮ್ಲಜನಕ ಸುಮಾರು 16ಕ್ಕೆ ಇಳಿದರೆ ದೀಪ ಉಳಿಯದು ಎಂಬ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ದೀಪ ಆರಿದಲ್ಲಿ ಮಗ ಇಳಿಯಬಾರದು ಎಂಬುದು ಗೊತ್ತಿತ್ತು. ದೀಪ ಉರಿದರೂ ಮೊದಲು ಇಳಿಯುವವನು ತಾನೇ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು. ಆ ಹಗ್ಗದ ತುದಿ ಹಿರಿಯ ಮಗನ ಕೈಯಲ್ಲಿ.

ಮಗನಿಗೆ ಅವನು ಹೇಳುತ್ತಿದ್ದ ಮಾತು ಕೇಳಲು ಕಠೋರ: ‘ನಾ ಒಳಗ ಬಿದ್ದರ ಜಗ್ಗು. ನೀ ಮಾತ್ರ ಇಳೀಬ್ಯಾಡ.’ ಇಂಥ ಸಾವುಗಳು ಒಂಟಿಯಾಗಿ ಬರುವುದು ಕಡಿಮೆ. ಅಪ್ಪ ಬಿದ್ದನೆಂದು ಮಗ ಹಾರುತ್ತಾನೆ, ಅಣ್ಣ ಬಿದ್ದನೆಂದು ತಮ್ಮ ಹಾರುತ್ತಾನೆ. ಕರುಳು ಎಳೆಯುತ್ತದೆ, ಕಾಲು ನಿಲ್ಲುವುದಿಲ್ಲ. ಒಂದು ಮನೆಯ ಮೂವರು ಒಂದೇ ಗಳಿಗೆಯಲ್ಲಿ ಹೋಗುವುದು ಹೀಗೆ. ಮಕ್ಕಳ ಮೇಲಿನ ಮಮತೆಯನ್ನು ಆ ಒಂದು ಗಳಿಗೆ ಹಗ್ಗ ಹಾಕಿ ನಿಲ್ಲಿಸುವುದನ್ನು ಅಜ್ಜ ಕಲಿಸಿದ. ಸಂಸಾರವಂದಿಗನ ಪಾಠಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದು?

ಅಜ್ಜನ ಗುಣ ಹಾಡುವಾಗ ಆಯಿಯನ್ನು ಮರೆಯಬಾರದು. ಒಳ್ಳೆಯ ತೆನೆ ಆರಿಸಿದವಳು, ಬೀಜಕ್ಕೆ ಬೂದಿ ಕಲಸಿ ಗಡಿಗೆಯಲ್ಲಿಟ್ಟವಳು, ಯಾವ ಗಡಿಗೆ ಬಿತ್ತುವುದಕ್ಕೆ, ಯಾವುದು ತಿನ್ನುವುದಕ್ಕೆ ಎಂದು ನೆನಪಿಟ್ಟವಳು ಅವಳು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಹತ್ತಿ ತಂದ ಮೇಲೆ ಇಳುವರಿಯೂ ನೂಲಿನ ಗುಣವೂ ಏರಿದ್ದು ನಿಜ. ಆದರೆ ಹೈಬ್ರಿಡ್ ಬೀಜದ ಮಕ್ಕಳು ತಾಯಿತಂದೆಯನ್ನು ಹೋಲುವುದಿಲ್ಲ, ಮತ್ತೆ ಬಿತ್ತಿದರೆ ಬೆಳೆ ಚದುರುತ್ತದೆ. ಹತ್ತಿಯ ಮಟ್ಟಿಗೆ ಆಯಿಯ ಗಡಿಗೆಗೆ ಕೆಲಸ ತಪ್ಪಿತು. ಜೋಳ ಪ್ಲಾಸ್ಟಿಕ್ ಚೀಲ ಸೇರಿತು, ಹಗೇವುಗಳನ್ನು ಮುಚ್ಚಿ ಮೇಲೆ ಮನೆ ಕಟ್ಟಿದರು. ಅದಕ್ಕೆ ಅಳಬೇಕಾಗಿಲ್ಲ.

ಚಿಂತೆ ಬೇರೆ. ಹಗೇವು ಹೋದರೂ ಕತ್ತಲ ಗುಂಡಿಗಳು ಹೋಗಿಲ್ಲ. ಹಾಳುಬಾವಿ, ಶೌಚದ ಗುಂಡಿ, ಗೋಬರ್ ಗ್ಯಾಸಿನ ತೊಟ್ಟಿ, ಡೀಸೆಲ್ ಎಂಜಿನ್ ಇಳಿಸಿದ ಬಾವಿ ಇವೆ. ಇಲ್ಲಿ ಅಜ್ಜನ ದೀಪ ನಡೆಯದು. ಎಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡ್ ದೀಪವನ್ನು ಆರಿಸದೆಯೇ ಮನುಷ್ಯನನ್ನು ಕೊಲ್ಲುತ್ತದೆ. ಶೌಚದ ಗುಂಡಿ, ಗೋಬರ್ ತೊಟ್ಟಿಗಳ ಮೀಥೇನ್ ಬೆಂಕಿ ಕಂಡರೆ ಸಿಡಿಯುತ್ತದೆ. ಶೌಚದ ಗುಂಡಿಗೆ ಯಂತ್ರವೇ ಆಗಬೇಕು, ರಕ್ಷಣೆಯ ಸಾಧನವಿಲ್ಲದೆ ಮನುಷ್ಯನನ್ನು ಅದಕ್ಕೆ ಇಳಿಸುವುದನ್ನು 2013ರ ಕಾಯ್ದೆಯೇ ನಿಷೇಧಿಸಿದೆ. ಉಳಿದ ಕಡೆ ಗಾಳಿ ಅಳೆಯುವ ಉಪಕರಣ ಬೇಕು. ದೀಪ ಹಳತಾಯಿತು, ಅಜ್ಜನ ಉಳಿದ ನಿಯಮಗಳು ಹಳತಾಗಿಲ್ಲ: ಗಾಳಿ ನೋಡದೆ ಇಳಿಯಬೇಡ, ಹಗ್ಗವಿಲ್ಲದೆ ಇಳಿಯಬೇಡ, ಮೇಲೆ ಆಳಿಲ್ಲದೆ ಇಳಿಯಬೇಡ, ಬಿದ್ದವನ ಹಿಂದೆ ಹಾರಬೇಡ.

ಮೂರನೆಯ ದಿನದ ಕಾರ್ಯದಲ್ಲಿ ಅಜ್ಜನಿಗೆ ಪ್ರಿಯವಾದದ್ದನ್ನೆಲ್ಲ ಎಡೆಗೆ ಇಡುತ್ತಾರೆ. ಬಂಧುಬಳಗ ಸೇರಿದ ಆ ಹೊತ್ತಿನಲ್ಲಿ ಹಿರಿಯ ಮಗ ಈ ನಾಲ್ಕು ಮಾತುಗಳನ್ನು ಮೊಮ್ಮಕ್ಕಳಿಗೆ ಹೇಳಿದರೆ ಎಡೆಗೆ ಇನ್ನೊಂದನ್ನು ಇಟ್ಟಂತಾದೀತು.