ದೋಣಿಯಲ್ಲೊಂದು ಸಿಹಿನೀರಿನ ತೊಟ್ಟಿ

ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದೆಂಬುದನ್ನು ಪಠ್ಯಪುಸ್ತಕದಿಂದ ಕಲಿತ ನಮಗಿಂತ, ಮಲ್ಪೆಯ ದಕ್ಕೆಯಲ್ಲಿ ನಾಡದೋಣಿಯಿಂದಿಳಿದು, ಬಲೆಯೆಳೆದು ಬಿರಿದ ಅಂಗೈಯನ್ನು ಬಾಟಲಿಯ ತಳದಲ್ಲುಳಿದ ಕುಡಿಯುವ ನೀರಿನಿಂದ ತೊಳೆದುಕೊಳ್ಳುವ ಮೀನುಗಾರನು ಅದನ್ನು ಚೆನ್ನಾಗಿ ಬಲ್ಲನು. ಕೈಯ, ಎಂಜಿನ್ನಿನ ಉಪ್ಪನ್ನು ತೊಳೆಯಲು 50 ಲೀಟರಿನ ಸಿಹಿನೀರಿನ ತೊಟ್ಟಿ, 12 ವೋಲ್ಟಿನ ಪುಟ್ಟ ಪಂಪು, ಎರಡು ಮಾರು ಪೈಪು, ಇಷ್ಟನ್ನು ದೋಣಿಗೆ ಅಳವಡಿಸುವುದು ವಿಲಾಸವೆಂದು ಪರಿಹಾಸ ಮಾಡುವವರುಂಟು. ಆದರೆ ಒಣಗಿದ ಉಪ್ಪು ಗಾಳಿಯ ತೇವವನ್ನು ಹೀರಿ ಎಂಜಿನ್ನಿನ ತಿರುಪುಗಳನ್ನು ಇರುಳೆಲ್ಲ ತಿನ್ನುವುದನ್ನು ಕಂಡವನು ಹಾಗೆನ್ನಲಾರನು. ತೊಟ್ಟಿಯನ್ನು ಮಾತ್ರ ದೋಣಿಯ ನಡುವೆ, ತಳಕ್ಕೊತ್ತಿ ಬಿಗಿಯತಕ್ಕದ್ದು: 50 ಲೀಟರೆಂದರೆ 50 ಕಿಲೋ ಭಾರ, ಅರೆತುಂಬಿದ ನೀರಂತೂ ಅಲೆಗೊಮ್ಮೆ ಓಲಾಡುವ ಚಂಚಲೆ! ನಾಡದೋಣಿಗಳಿಗೆ ರಿಯಾಯಿತಿಯ ಸೀಮೆಎಣ್ಣೆಯನ್ನೊದಗಿಸುವ ಸರ್ಕಾರವು, ಈ ತೊಟ್ಟಿಗಳು ತುಂಬುವಂತೆ ಪ್ರತಿ ದಕ್ಕೆಯಲ್ಲಿಯೂ ಒಂದು ಸಿಹಿನೀರಿನ ನಲ್ಲಿಯನ್ನು ಇಡಿಸಲಿ.